ಇರ್ಯಾನ ಕುಣಿ, ಜೋಶಿಯ ಓವರು

10–6–6–5. ಕ್ರಿಕೆಟ್ ನೋಡುವವರಿಗೆ ಈ ನಾಲ್ಕು ಅಂಕಿಗಳನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ: ಹತ್ತು ಓವರು, ಅವುಗಳಲ್ಲಿ ಆರರಲ್ಲಿ ಒಂದೂ ರನ್ನಿಲ್ಲ, ಒಟ್ಟು ಕೊಟ್ಟದ್ದು ಆರು ರನ್ನು, ಕಿತ್ತದ್ದು ಐದು ವಿಕೆಟ್ಟು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಗದಗಿನ ಸುನಿಲ್ ಜೋಶಿ ಹೀಗೆ ಬೌಲ್ ಮಾಡಿದರು. ಅವರ ಐದು ಬಲಿಗಳಲ್ಲಿ ಗಿಬ್ಸ್, ಕ್ರೋನ್ಯೆ, ರೋಡ್ಸ್, ಪೊಲಾಕ್ ಇದ್ದರು. ಎದುರಾಳಿ ತಂಡ 117ಕ್ಕೆ ಮುಗಿಯಿತು. ಜೋಶಿಯವರ ಬಗ್ಗೆ ಯಾರು ಏನೇ ಬರೆದರೂ ಮೊದಲ ಸಾಲು ಇದೇ ಆಗಿರುತ್ತದೆ. ನನ್ನದೂ ಇದೇ ಆಯಿತು.

ವೈಜನಾಥ ಬಿರಾದಾರರ ಬಗ್ಗೆ ಬರೆಯುವವರಿಗೂ ಇಂಥದೇ ಒಂದು ಮೊದಲ ಸಾಲಿದೆ. ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ತೇಗಂಪುರದಿಂದ ಬಂದು ಕನ್ನಡ ಸಿನಿಮಾಗಳಲ್ಲಿ ಭಿಕ್ಷುಕ, ಕುಡುಕ, ಭಿಕ್ಷುಕ, ಮತ್ತೆ ಕುಡುಕ ಆಗುತ್ತ ಹೋದ ಈ ನಟ, ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಕುಣಿ ತೋಡುವ ಇರ್ಯಾ ಆದರು; ಆ ಪಾತ್ರಕ್ಕೆ 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಭಾಲ್ಕಿಯಿಂದ ಮ್ಯಾಡ್ರಿಡ್‌ಗೆ, ಗದಗಿನಿಂದ ನೈರೋಬಿಗೆ. ಪತ್ರಿಕೆಯ ತಲೆಬರಹಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇಂಥ ಬರಹಗಳು ನನಗೆ ಇಷ್ಟವಾಗುವುದಿಲ್ಲ ಎಂದಲ್ಲ. ಆದರೆ ಅವುಗಳ ಕಟ್ಟಡದಲ್ಲೇ ಒಂದು ತೊಂದರೆ ಇದೆ. ಒಂದು ದಿನವನ್ನು ಶಿಖರ ಮಾಡಿಬಿಟ್ಟರೆ ಉಳಿದ ವರ್ಷಗಳೆಲ್ಲ ಒಂದೋ ಆ ದಿನಕ್ಕಾಗಿ ಕಾದದ್ದು, ಇಲ್ಲವೇ ಅದು ಮುಗಿದ ಮೇಲೆ ಉಳಿದ ಜಗಟು ಆಗಿ ಕಾಣುತ್ತವೆ. 'ಪ್ರತಿಭೆ ಇತ್ತು, ಅವಕಾಶ ಸಿಗಲಿಲ್ಲ' ಎಂಬ ವಾಕ್ಯ ಹಿಂದೆಯೇ ಬಂದು ಕೂತುಕೊಳ್ಳುತ್ತದೆ. ಆ ವಾಕ್ಯ ಬಂದಮೇಲೆ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಆದರೆ ಜೋಶಿಯವರಿಗೆ ಆದದ್ದು ಬೇರೆ, ಬಿರಾದಾರರಿಗೆ ಆದದ್ದು ಬೇರೆ. ಆ ವ್ಯತ್ಯಾಸವನ್ನು ಹಿಡಿಯಲೆಂದೇ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುತ್ತಿದ್ದೇನೆ.

ಇಬ್ಬರೂ ಮಾಡಿದ ಕೆಲಸಕ್ಕೆ ಸಿನಿಮಾದಲ್ಲಿ ನಾವು ಇಟ್ಟಿರುವ ಹೆಸರು 'ಪೋಷಕ ಪಾತ್ರ'. ಪದ ಚೆನ್ನಾಗಿದೆ. ಶಾಲೆಯಲ್ಲಿ ಪೋಷಕರ ಸಭೆ ಎಂದರೆ ಅಪ್ಪ ಅವ್ವ ಬರುವ ಸಭೆ. ಸಾಕುವವರು, ನೀರೆರೆಯುವವರು ಎಂದೇ ಅರ್ಥ. ಹೀಗೆ ನೋಡಿದರೆ ಪೋಷಕ ನಟ ಎಂದರೆ ನಾಯಕನನ್ನು ಸಾಕುವವನು! 'ನಾಗರಹಾವು' (1972) ಚಿತ್ರದ ಚಾಮಯ್ಯ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಕೆ.ಎಸ್. ಅಶ್ವತ್ಥ್ ಆ ಪಾತ್ರದಲ್ಲಿ ನಿಂತ ರೀತಿ ಇಲ್ಲದಿದ್ದರೆ ರಾಮಾಚಾರಿಯ ಸಿಟ್ಟು ಬರೀ ಪುಂಡಾಟವಾಗುತ್ತಿತ್ತು. ಸಿಟ್ಟಿಗೆ ಎದುರು ಒಂದು ಮಮತೆ ಬೇಕಿತ್ತು, ಅದನ್ನು ಮೇಷ್ಟ್ರು ಒದಗಿಸಿದರು.

ಕೌಜಲಗಿಯ ಕಡೆಯವರಿಗೆ ಇದು ಹೊಸ ವಿಚಾರವೇನಲ್ಲ. ನಮ್ಮಲ್ಲಿ ಆಟ ಎಂದರೆ ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣನ ಹೆಸರು, ಕೌಜಲಗಿ ನಿಂಗಮ್ಮನ ಹೆಸರು ಇಲ್ಲಿ ಮಾತಿನ ನಡುವೆ ಸುಮ್ಮನೆ ಬಂದುಹೋಗುತ್ತವೆ. ಪಾರಿಜಾತದಲ್ಲಿ ಕಥೆ ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರದು. ಆದರೆ ರಾತ್ರಿಯಿಡೀ ಆಟವನ್ನು ಕೈಹಿಡಿದು ನಡೆಸುವವರು ಭಾಗವತ ಮತ್ತು ದೂತಿ. ಭಾಮೆ ಹಾಡಿದ್ದನ್ನು ಭಾಗವತ ಮಾತಿನಲ್ಲಿ ಕೆದಕುತ್ತಾನೆ, 'ಹಂಗಂದ್ರ ಏನವ್ವಾ?' ಎಂದು ಏನೂ ತಿಳಿಯದವನ ಹಾಗೆ ಕೇಳುತ್ತಾನೆ. ಅವನು ಕೇಳಿದ್ದಕ್ಕೇ ಭಾಮೆಯ ದುಃಖ ಕಟ್ಟೆಯ ಮೇಲೆ ಕುಳಿತವರ ತನಕ ಬರುತ್ತದೆ. ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳದೆ ಹೋದರೆ ಭಾಮೆಗೆ ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲ. ಆಟ ನೋಡಿ ಪಳಗಿದ ಹಿರಿಯರು 'ಭಾಮಿ ಯಾರು ಮಾಡ್ಯಾರ?' ಎಂದು ಕೇಳಿದ ಬೆನ್ನಿಗೇ 'ಭಾಗವತ ಯಾರು?' ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಬಂದ ಉತ್ತರ ಕೇಳಿ, ಹೋಗುವುದೋ ಬಿಡುವುದೋ ತೀರ್ಮಾನಿಸುವವರನ್ನೂ ಕಂಡಿದ್ದೇನೆ.

ಈ ಎರಡನೆಯ ಪ್ರಶ್ನೆಯನ್ನು ಕ್ರಿಕೆಟ್ಟಿಗೆ ಕೇಳಿದರೆ ಏನಾಗುತ್ತದೆ?

ಜೋಶಿ 1996ರಿಂದ 2001ರವರೆಗೆ ಭಾರತಕ್ಕೆ ಆಡಿದರು. 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್. ಟೆಸ್ಟ್‌ನಲ್ಲಿ ಒಂದೊಂದು ವಿಕೆಟ್ಟಿಗೂ ಅವರು 35ಕ್ಕೂ ಹೆಚ್ಚು ರನ್ ತೆತ್ತಿದ್ದಾರೆ. ಭಾರತದ ಸ್ಪಿನ್ನರ್‌ಗೆ ಇದು ಬೀಗುವಂಥ ಸರಾಸರಿಯಲ್ಲ. ನಮ್ಮ ಸೀಮೆಯ ಅಭಿಮಾನದಲ್ಲಿ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅನಿಲ್ ಕುಂಬ್ಳೆ ಒಂದು ತುದಿಯಿಂದ ಬೌಲ್ ಮಾಡುತ್ತಿದ್ದ ಕಾಲವದು. ಇನ್ನೊಂದು ತುದಿಗೆ ಒಬ್ಬ ಬೇಕಿತ್ತು, ಆ ಒಬ್ಬ ಸರಣಿಯಿಂದ ಸರಣಿಗೆ ಬದಲಾಗುತ್ತಿದ್ದ. ಜೋಶಿ ಆ ಬದಲಾಗುವವರ ಸಾಲಿನಲ್ಲಿದ್ದರು.

ಆದರೆ ಕರ್ನಾಟಕ ತಂಡದ ಪುಟ ತೆರೆದರೆ ಲೆಕ್ಕ ಬೇರೆಯೇ ಇದೆ. 1995–96ರ ರಣಜಿ ಋತುವೊಂದರಲ್ಲೇ ಅವರು 500ಕ್ಕೂ ಹೆಚ್ಚು ರನ್ ಹೊಡೆದರು, 50ಕ್ಕೂ ಹೆಚ್ಚು ವಿಕೆಟ್ ತೆಗೆದರು. ಕರ್ನಾಟಕ ಆ ವರ್ಷ ರಣಜಿ ಗೆದ್ದಿತು. ಮುಂದೆ 1997–98 ಮತ್ತು 1998–99ರಲ್ಲೂ ಗೆದ್ದಿತು. ಆ ಕಾಲದ ಭಾರತ ತಂಡ ಎಂದರೆ ಅರ್ಧ ಕರ್ನಾಟಕವೇ. ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್ ಅತ್ತ ಹೋದಾಗ ಇತ್ತ ಮನೆ ನೋಡಿಕೊಳ್ಳುವವರು ಬೇಕಲ್ಲ! ಜೋಶಿ ಒಟ್ಟು 160 ಪ್ರಥಮ ದರ್ಜೆ ಪಂದ್ಯಗಳಲ್ಲಿ 615 ವಿಕೆಟ್ ಪಡೆದರು, 5,000ಕ್ಕೂ ಮೇಲೆ ರನ್ ಗಳಿಸಿದರು. ಹುಡುಗನಾಗಿದ್ದಾಗ ಗದಗಿನಿಂದ ಹುಬ್ಬಳ್ಳಿಗೆ ಬೆಳಗಾಗುವ ಮುಂಚೆ ಹೋಗಿ, ಅಭ್ಯಾಸ ಮುಗಿಸಿ, ತಿರುಗಿ ಶಾಲೆಯ ಹೊತ್ತಿಗೆ ಗದಗು ಸೇರುತ್ತಿದ್ದರೆಂಬ ಕಥೆ ಅವರ ಪರಿಚಯ ಬರಹಗಳಲ್ಲೆಲ್ಲ ಬರುತ್ತದೆ. ಅದನ್ನು ಸಾಧಕನ ಕಷ್ಟದ ಕಥೆಯಾಗಿ ಓದುವ ರೂಢಿ ಇದೆ. ನನಗೆ ಅದು ಇನ್ನೊಂದು ತುದಿಯ ತಾಲೀಮಿನ ಹಾಗೆ ಕಾಣುತ್ತದೆ: ಹೋಗು, ಹಾಕು, ಬಾ, ನಾಳೆ ಮತ್ತೆ ಹೋಗು.

ನೈರೋಬಿಗಿಂತ ಜೋಶಿಯವರನ್ನು ಚೆನ್ನಾಗಿ ತೋರಿಸುವ ಪಂದ್ಯ, ನನ್ನ ಮಟ್ಟಿಗೆ, 2000ದ ನವೆಂಬರ್ 10ರಂದು ಢಾಕಾದಲ್ಲಿ ಶುರುವಾದ ಟೆಸ್ಟ್. ಬಾಂಗ್ಲಾದೇಶದ ಮೊದಲ ಟೆಸ್ಟ್ ಅದು. ಸೌರವ್ ಗಂಗೂಲಿ ನಾಯಕರಾದ ಮೊದಲ ಟೆಸ್ಟ್ ಕೂಡ. ಅಮಿನುಲ್ ಇಸ್ಲಾಂ 145 ಹೊಡೆದು, ಹೊಸ ದೇಶ 400 ರನ್ ಗಳಿಸಿತು. ಜೋಶಿ ಐದು ವಿಕೆಟ್ ಪಡೆದರು, ಅದಕ್ಕೆ 142 ರನ್ ಕೊಟ್ಟರು. ಅಂದರೆ ಇಡೀ ದಿನದ ದುಡಿಮೆ. ಭಾರತದ ಬ್ಯಾಟಿಂಗ್ ಕುಸಿಯುವ ಹಾಗಾದಾಗ ಗಂಗೂಲಿಯವರ ಜೊತೆ ನಿಂತು 92 ಹೊಡೆದರು. ಭಾರತಕ್ಕೆ ಸಿಕ್ಕ ಮುನ್ನಡೆ ಬರೀ 29. ಎರಡನೆಯ ಸರದಿಯಲ್ಲಿ ಜೋಶಿ ಮತ್ತೆ ಮೂರು ವಿಕೆಟ್ ತೆಗೆದರು, ಬಾಂಗ್ಲಾದೇಶ 91ಕ್ಕೆ ಮುಗಿಯಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಜೋಶಿಯವರಿಗೇ ಬಂತು. ಆದರೂ ಆ ಪಂದ್ಯವನ್ನು ಜನ ನೆನೆಯುವುದು ಒಂದು ದೇಶದ ಹುಟ್ಟಿಗಾಗಿ, ಅಮಿನುಲ್‌ರ ಶತಕಕ್ಕಾಗಿ, ಗಂಗೂಲಿ ಯುಗದ ಆರಂಭಕ್ಕಾಗಿ. ಅದೇ ತಿಂಗಳ ಜಿಂಬಾಬ್ವೆ ಸರಣಿಯೊಂದಿಗೆ ಜೋಶಿಯವರ ಟೆಸ್ಟ್ ಆಟ ಮುಗಿದುಹೋಯಿತು. ಪಂದ್ಯಶ್ರೇಷ್ಠನಾದ ತಿಂಗಳೇ ಕೊನೆಯ ಟೆಸ್ಟ್ ತಿಂಗಳು!

(ನೈರೋಬಿಯ ಆ ಟೂರ್ನಿಯಲ್ಲೇ ಕರ್ನಾಟಕದ ಇನ್ನೊಬ್ಬರು, ವಿಜಯ್ ಭಾರದ್ವಾಜ್, ತಮ್ಮ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠರಾದರು. ಅವರು ಆಡಿದ್ದು ಒಟ್ಟು 3 ಟೆಸ್ಟ್, 10 ಏಕದಿನ. ಅವರ ಮೇಲೆ ಯಾರಾದರೂ ಬೇರೆಯೇ ಒಂದು ಬರಹ ಬರೆಯಬೇಕು.)

ಬೇಸ್‌ಬಾಲ್ ಆಟದಲ್ಲಿ ಒಂದು ಸೊಗಸಾದ ವ್ಯವಸ್ಥೆ ಇದೆ. ಬ್ಯಾಟ್ ಹಿಡಿದವನು ಬೇಕೆಂದೇ ಚೆಂಡನ್ನು ಮೆಲ್ಲಗೆ ಮುಟ್ಟಿಸಿ, ತಾನು ಔಟಾಗಿ, ಮೊದಲೇ ಓಡಲು ನಿಂತಿದ್ದ ಜೊತೆಗಾರನನ್ನು ಮುಂದಿನ ನೆಲೆಗೆ ದಾಟಿಸಿದರೆ ಅದನ್ನು 'ಸ್ಯಾಕ್ರಿಫೈಸ್', ಅಂದರೆ ತ್ಯಾಗ, ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಆ ಔಟು ಅವನ ಸರಾಸರಿಯನ್ನು ಕೆಡಿಸುವುದಿಲ್ಲ. ಒಬ್ಬ ಇನ್ನೊಬ್ಬನಿಗಾಗಿ ಔಟಾದ ಎಂಬುದಕ್ಕೇ ಅಲ್ಲಿ ಒಂದು ಕಾಲಂ ಇದೆ. ಕ್ರಿಕೆಟ್ಟಿನಲ್ಲಿ ಇಲ್ಲ. ಜೋಶಿ ಒಂದು ತುದಿಯಲ್ಲಿ ಮೂರು ಮೇಡನ್ ಹಾಕಿ, ಉಸಿರುಕಟ್ಟಿದ ಬ್ಯಾಟ್ಸ್‌ಮನ್ ಇನ್ನೊಂದು ತುದಿಯಲ್ಲಿ ಕುಂಬ್ಳೆಗೆ ಬ್ಯಾಟು ಬೀಸಿ ಔಟಾದರೆ ವಿಕೆಟ್ ಕುಂಬ್ಳೆಯದು. ಆದರೂ ಆ ಮೂರು ಮೇಡನ್ನಾದರೂ ಪುಸ್ತಕದಲ್ಲಿ ಇರುತ್ತವೆ. ಯಾವ ಊರು, ಯಾವ ದಿನ, ಯಾರ ಎದುರು ಎಂಬುದೆಲ್ಲ ಇರುತ್ತದೆ. ಓದಲು ಬಲ್ಲವನಿಗೆ ಪೋಷಕನ ಕೆಲಸ ಅಲ್ಲಿ ಕಾಣಿಸುತ್ತದೆ.

ಬಿರಾದಾರರಿಗೆ ಅಂಥ ಪುಸ್ತಕವಿಲ್ಲ.

ಮೊದಲು ಅವರು ಮಾಡುತ್ತಿದ್ದ ಕೆಲಸ ಏನು ಎಂದು ನೋಡೋಣ. ಸಾರಾಯಿ ಅಂಗಡಿ, ರಸ್ತೆಯ ಅಂಚು, ದೇವಸ್ಥಾನದ ಮೆಟ್ಟಿಲು. ಸಣಕಲು ದೇಹ, ಹರಿದ ಅಂಗಿ, ಗುಳಿಬಿದ್ದ ಕೆನ್ನೆ. ನಾಯಕನೋ ಹಾಸ್ಯನಟನೋ ಆ ದಾರಿಯಲ್ಲಿ ಬರುತ್ತಾನೆ. ಬಿರಾದಾರ್ ಒಂದು ಮಾತು ಆಡುತ್ತಾರೆ, ಅದು ಬಹಳ ಸಲ ಉತ್ತರ ಕರ್ನಾಟಕದ ಮಾತು. ಚಿತ್ರಮಂದಿರ ನಗುತ್ತದೆ. ಅಲ್ಲಿಗೆ ಕ್ಯಾಮೆರಾ ಬೇರೆ ಕಡೆ ಹೊರಡುತ್ತದೆ. ನಗು ಯಾವುದಕ್ಕೆ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮಾತಿನ ಚಮತ್ಕಾರಕ್ಕೆ ಬಂದದ್ದು ಕೆಲವೊಮ್ಮೆ. ದೇಹವನ್ನು ನೋಡಿ ಬಂದದ್ದು ಹೆಚ್ಚು ಸಲ. 'ಹೌದ್ರೀ', 'ಏನ್ರೀ' ಎಂಬ ಧಾಟಿಗೇ ಬಂದದ್ದು ಇನ್ನೂ ಹೆಚ್ಚು ಸಲ. ಬೆಂಗಳೂರು–ಮೈಸೂರಿನ ಕನ್ನಡವನ್ನು ಬರೀ 'ಕನ್ನಡ' ಎಂದು, ನಮ್ಮ ಕಡೆಯದನ್ನು 'ಉತ್ತರ ಕರ್ನಾಟಕ ಭಾಷೆ' ಎಂದು ಕರೆಯುವ ಸಿನಿಮಾ ಅದು. ಬಡವನ ಹಸಿವು ಮತ್ತು ಬಡವನ ನುಡಿ ಎರಡನ್ನೂ ಒಂದೇ ಏಟಿಗೆ ನಗೆಯ ಸರಕು ಮಾಡುವ ವಿದ್ಯೆ ಅದಕ್ಕೆ ಚೆನ್ನಾಗಿ ಬರುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನನ್ನ ತಕರಾರು ಪಾತ್ರ ಚಿಕ್ಕದಾಯಿತು ಎಂಬುದಲ್ಲ. ಚಿಕ್ಕ ಪಾತ್ರ ಅನ್ಯಾಯವಲ್ಲ. ದೂತಿಯದೂ ಚಿಕ್ಕದೇ, ಇನ್ನೊಂದು ತುದಿಯ ಓವರುಗಳೂ ಚಿಕ್ಕವೇ. ಅನ್ಯಾಯವಾಗುವುದು ಚಿಕ್ಕ ಪಾತ್ರ ಒಂದೇ ಪಾತ್ರವಾದಾಗ. ಜೋಶಿಗೆ ಪ್ರತಿ ಓವರಿನಲ್ಲೂ ಎದುರಿಗೆ ಬೇರೆ ಬ್ಯಾಟ್ಸ್‌ಮನ್, ಬೇರೆ ನೆಲ, ಬೇರೆ ಗಾಳಿ. ಬೌಲರಾಗಿ ಬಂದವರಿಗೆ ಬ್ಯಾಟು ಕೊಟ್ಟು ಢಾಕಾದಲ್ಲಿ 92 ಹೊಡೆಯಲು ಅವಕಾಶವಿತ್ತು. ಬಿರಾದಾರರನ್ನು ಕುಡುಕನಾಗಿ ನಿಲ್ಲಿಸಿದ ಸಿನಿಮಾ, ಆ ಕುಡುಕ ಮನೆಗೆ ಹೋದಮೇಲೆ ಏನಾಗುತ್ತಾನೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅವನಿಗೆ ಹೆಂಡತಿ ಇದ್ದಾಳೆಯೇ? ಉಂಡನೇ? ಅವನ ಹೆಸರೇನು? ಚಾಮಯ್ಯ ಮೇಷ್ಟ್ರಿಗೆ ಮನೆ ಇತ್ತು, ಹೆಂಡತಿ ಇದ್ದಳು, ಹೆಸರಿತ್ತು. ಆ ಹೆಸರು ಅಶ್ವತ್ಥ್ ಅವರಿಗೇ ಅಂಟಿಕೊಳ್ಳುವಷ್ಟು ಗಟ್ಟಿಯಾಗಿತ್ತು.

ಕಾಸರವಳ್ಳಿ ಕೇಳಿದ್ದು ಇಷ್ಟನ್ನೇ. ಅಮರೇಶ ನುಗಡೋಣಿಯವರ 'ಸವಾರಿ' ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಇರ್ಯಾನಿಗೆ ಹೆಸರಿದೆ, ಕಸುಬಿದೆ, ರುದ್ರಿ ಎಂಬ ಹೆಂಡತಿ ಇದ್ದಾಳೆ (ಉಮಾಶ್ರೀ ಆ ಪಾತ್ರದಲ್ಲಿದ್ದಾರೆ), ಒಂದು ನಂಬಿಕೆಯೂ ಇದೆ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಖಂಡಿತ ಎಂಬುದು ಆ ನಂಬಿಕೆ. ಕನಸು ಬೀಳುತ್ತದೆ, ಇರ್ಯಾ ಗೌಡರ ವಾಡೆಗೆ ಹೋಗುತ್ತಾನೆ, ಅಲ್ಲಿ ಯಾರೂ ಸತ್ತಿಲ್ಲ ಎನ್ನುತ್ತಾರೆ. ನಿಜಕ್ಕೂ ಗೌಡರು ತೀರಿಕೊಂಡಿದ್ದಾರೆ, ಮನೆಯವರು ಮುಚ್ಚಿಟ್ಟಿದ್ದಾರೆ. ಕಾಸರವಳ್ಳಿ ಇದನ್ನು ಎರಡು ಸಲ ಹೇಳುತ್ತಾರೆ. ಮೊದಲ ಸಲ ಇರ್ಯಾನ ಕಡೆಯಿಂದ ನೋಡಿದ್ದನ್ನೇ ಎರಡನೆಯ ಸಲ ವಾಡೆಯ ಕಡೆಯಿಂದ ನೋಡುತ್ತೇವೆ. 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಜೊತೆಗೆ ಚಿತ್ರಕಥೆಗೂ ಗೌರವ ಸಿಕ್ಕಿತು. ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿ ಅದನ್ನು ಹಂಚಿಕೊಂಡರು.

ಬಿರಾದಾರರ ಅಭಿನಯದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು 'ಹಾಸ್ಯನಟನ ಒಳಗಿದ್ದ ಗಂಭೀರ ನಟ ಹೊರಬಂದ' ಎಂಬ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಳಗೆ ಯಾರೋ ಬೇರೊಬ್ಬ ಅಡಗಿ ಕೂತಿರಲಿಲ್ಲ. ಇರ್ಯಾ ನಡೆಯುವ ರೀತಿ, ದೊಡ್ಡವರ ಎದುರು ಭುಜ ಕುಗ್ಗಿಸಿ ನಿಲ್ಲುವ ರೀತಿ, ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದಾಗ ನೆಲ ನೋಡುವ ರೀತಿ ನಾವು ಸಾರಾಯಿ ಅಂಗಡಿಯ ಮುಂದೆ ಎಷ್ಟೋ ಸಲ ಕಂಡವೇ. ಮೊದಲೆಲ್ಲ ನಾವು ನಕ್ಕ ಜಾಗದಲ್ಲಿ ಕತ್ತರಿ ಬೀಳುತ್ತಿತ್ತು. ಇಲ್ಲಿ ಕತ್ತರಿ ಬೀಳುವುದಿಲ್ಲ. ವಾಡೆಯ ಬಾಗಿಲಿನಿಂದ ಇರ್ಯಾ ತಿರುಗಿ ಬರುವಾಗ ಕ್ಯಾಮೆರಾ ಅವನ ಜೊತೆ ಮನೆಯ ತನಕ ಬರುತ್ತದೆ. ಕನಸು ಸುಳ್ಳಾಯಿತಲ್ಲ ಎಂಬ ಅವನ ಕಂಗಾಲು ಸ್ಥಿತಿ ಕೂಲಿ ತಪ್ಪಿತು ಎಂಬುದಕ್ಕಿಂತ ದೊಡ್ಡದು. ತನ್ನ ಕಸುಬಿಗೆ ದೇವರು ಕೊಟ್ಟ ರುಜುವೇ ಅಳಿಸಿಹೋಯಿತು ಎಂಬ ಭಯ ಅದು. ಆ ಭಯವನ್ನು ಬಿರಾದಾರ್ ದೊಡ್ಡ ಮಾತುಗಳಲ್ಲಿ ತೋರಿಸುವುದಿಲ್ಲ. ಹಳೆಯ ಭಿಕ್ಷುಕನ ಮುಖವನ್ನೇ ಇಟ್ಟುಕೊಂಡು, ಬೇಡುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹಾಗಾಗಿ ಇರ್ಯಾ ಆ ಕುಡುಕರಿಗೆ ಪ್ರಾಯಶ್ಚಿತ್ತವಲ್ಲ. ಆ ಕುಡುಕರೆಲ್ಲ ಸೇರಿ ಇರ್ಯಾನನ್ನು ಕಟ್ಟಿದ್ದಾರೆ. ಹಾಗೆಯೇ ನೈರೋಬಿಯ ಆ ಹತ್ತು ಓವರುಗಳೂ ಆಕಾಶದಿಂದ ಇಳಿದವಲ್ಲ. ಯಾರೂ ನೋಡಲು ಬಾರದ ರಣಜಿ ಮಧ್ಯಾಹ್ನಗಳಲ್ಲಿ ಅಂಥ ಎಷ್ಟು ಓವರುಗಳನ್ನು ಜೋಶಿ ಹಾಕಿರಬೇಕು!

ಪೋಷಕನ ಕೆಲಸವನ್ನು ಹೀಗೆ ಹೊಗಳುತ್ತ ಹೋದರೆ ಅವನನ್ನು ಅಲ್ಲೇ ಇಟ್ಟವರಿಗೆ ಅನುಕೂಲವಾಗುವುದಿಲ್ಲವೇ ಎಂದು ಒಬ್ಬ ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿನಿಮಾ ತನ್ನ ಪರವಾಗಿ ಹೇಳಿಕೊಳ್ಳಲು 2023ರಲ್ಲಿ ಬಂದ '90 ಹೊಡಿ ಮನೀಗ್ ನಡಿ' ಇದೆ. ಬಿರಾದಾರರ 500ನೆಯ ಚಿತ್ರ ಎಂದೇ ಅದಕ್ಕೆ ಪ್ರಚಾರ ಸಿಕ್ಕಿತು. ಎಪ್ಪತ್ತರ ಆಸುಪಾಸಿನ ನಟ ಅದರಲ್ಲಿ ನಾಯಕ. ಸಂತೋಷದ ಸಂಗತಿಯೇ. ಆದರೆ ಶೀರ್ಷಿಕೆಯನ್ನು ಇನ್ನೊಮ್ಮೆ ಓದಿ. 'ನೈಂಟಿ' ಹೊಡಿ, ಮನೆಗೆ ನಡಿ. ನಾಯಕನ ಕುರ್ಚಿ ಕೊಟ್ಟರು, ಕೈಯಲ್ಲಿ ಅದೇ ಬಾಟಲಿ ಉಳಿಯಿತು. ಪಾತ್ರ ದೊಡ್ಡದಾದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಕಾಸರವಳ್ಳಿ ಬಿರಾದಾರರಿಗೆ ಕೊಟ್ಟದ್ದು ನಾಯಕಪಟ್ಟ ಎನ್ನುವುದಕ್ಕಿಂತ ಇನ್ನೊಂದು ಕಸುಬು ಎನ್ನುವುದು ಸರಿ: ಬಾಟಲಿ ಇಳಿಸಿ ಗುದ್ದಲಿ ಕೊಟ್ಟರು.

ಜೋಶಿ ಆಟ ನಿಲ್ಲಿಸಿದ ಮೇಲೆ ಕೋಚ್ ಆದರು. 2017ರಿಂದ ಎರಡು ವರ್ಷ ಬಾಂಗ್ಲಾದೇಶದ ಸ್ಪಿನ್ನರ್‌ಗಳಿಗೆ ಕಲಿಸಿದರು. ಯಾವ ದೇಶದ ಮೊದಲ ಟೆಸ್ಟ್‌ನಲ್ಲಿ ಎಂಟು ವಿಕೆಟ್ ಕಿತ್ತಿದ್ದರೋ ಅದೇ ದೇಶಕ್ಕೆ! 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ತಾವು ಹಿಂದೆ ನಿಂತಿದ್ದ ಸಾಲಿನಿಂದ ಇನ್ನೊಂದು ತುದಿಗೆ ಒಬ್ಬರನ್ನು ಆರಿಸುವ ಕೆಲಸ. ಕ್ರಿಕೆಟ್ ತನ್ನ ಪೋಷಕರಿಗೆ ಇಂಥ ಕೆಲವು ಬಾಗಿಲುಗಳನ್ನಾದರೂ ಇಟ್ಟಿದೆ. ಸಿನಿಮಾದಲ್ಲಿ ಕುಡುಕನ ಪಾತ್ರ ಹೇಗೆ ಮಾಡಬೇಕೆಂದು ಬಿರಾದಾರರನ್ನು ಕರೆಸಿ ಹುಡುಗರಿಗೆ ಪಾಠ ಹೇಳಿಸಿದ ಸಂಸ್ಥೆ ನನ್ನ ಕಿವಿಗೆ ಬಿದ್ದಿಲ್ಲ.

615 ಎಂದು ಒಂದು ಕಡೆ ಖಚಿತವಾಗಿ ಬರೆಯಬಹುದು. ಇನ್ನೊಂದು ಕಡೆ '500ನೆಯ ಚಿತ್ರ' ಎಂಬುದು ಜಾಹೀರಾತಿನ ಅಂಕಿ. ಹಾಗಾಗಿ ಕಳೆದ ಮಳೆಗಾಲದಿಂದ ಬಿರಾದಾರರ ಚಿತ್ರಗಳನ್ನು ಒಂದೊಂದಾಗಿ ಹುಡುಕಿ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಚಿತ್ರದ ಹೆಸರು, ವರ್ಷ, ಪಾತ್ರದ ಹೆಸರು ಎಂದು ಮೂರು ಕಾಲಂ ಎಳೆದಿದ್ದೆ. ಮೂರನೆಯದು ಪುಟಪುಟವೂ ಖಾಲಿಯೇ ಉಳಿಯುತ್ತಿದೆ. ಅದಕ್ಕೆ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಎಳೆದುಕೊಂಡೆ: 'ಇವರು ಹೋದಮೇಲೆ ದೃಶ್ಯದಲ್ಲಿ ಏನಾಗುತ್ತದೆ?' ಅದು ತುಂಬುತ್ತಿದೆ.